ಕ್ರಿಯಾಟಿನಿನ್ ಸರಿಯಿದ್ದರೆ ಸಾಲದು, ಹೃದಯವನ್ನೂ ನೋಡಿಸಿ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಕಳೆದ ಸಂಚಿಕೆಯಲ್ಲಿ ಡಯಾಲಿಸಿಸ್ ಕುರಿತು ಬರೆದ ಮೇಲೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕಿಡ್ನಿ ಕಸಿ ಮಾಡಿಸಿಕೊಂಡವರ ಅಥವಾ ಕಸಿಗೆ ಕಾಯುತ್ತಿರುವವರ ಮನೆಗಳಿಂದ ಬಂದಿವೆ. ಅವುಗಳಲ್ಲಿ ಹೃದಯಕ್ಕೂ ಕಸಿಯ ನಂತರದ ದೊಡ್ಡ ತೊಂದರೆಗಳಿಗೂ ಸಂಬಂಧಿಸಿದ ಕೆಲವನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಹೆಸರು ಹಾಕಬಾರದೆಂದು ಹಲವರು ಕೇಳಿಕೊಂಡಿರುವುದರಿಂದ ಎಲ್ಲರದೂ ಊರಿನ ಹೆಸರಷ್ಟೇ ಇದೆ.

ಪ್ರಶ್ನೆ: ನಮ್ಮ ಯಜಮಾನರಿಗೆ 47 ವರ್ಷ. ಐದು ವರ್ಷದ ಹಿಂದೆ ಬೆಂಗಳೂರಿನಲ್ಲಿ ಕಿಡ್ನಿ ಕಸಿ ಆಯಿತು. ಕಿಡ್ನಿ ಕೊಟ್ಟವರು ನಮ್ಮ ಅತ್ತೆ. ಅಂದಿನಿಂದ ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆಯ ಅಂಕಿ ಕ್ರಿಯಾಟಿನಿನ್ 1.2, 1.3ರ ಆಸುಪಾಸಿನಲ್ಲೇ ಇದ್ದುದರಿಂದ ನಾವೆಲ್ಲ ನೆಮ್ಮದಿಯಾಗಿದ್ದೆವು. ಈಗ ಎರಡು ತಿಂಗಳಿಂದ ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಎದೆ ಹಿಡಿದಂತಾಗುತ್ತದೆ, ಕುಳಿತರೆ ಕಡಿಮೆಯಾಗುತ್ತದೆ. ಗ್ಯಾಸ್ಟ್ರಿಕ್ ಇರಬೇಕೆಂದು ಅವರೇ ಮಾತ್ರೆ ತಂದು ನುಂಗುತ್ತಿದ್ದರು. ಇಲ್ಲಿಯ ಹೃದ್ರೋಗ ತಜ್ಞರು ಆಂಜಿಯೋಗ್ರಾಂ ಮಾಡಿಸಲೇಬೇಕು ಎನ್ನುತ್ತಾರೆ. ಅದಕ್ಕೆ ಹಾಕುವ ಡೈ ಕಿಡ್ನಿಯನ್ನು ಹಾಳುಮಾಡುತ್ತದೆ, ತಾಯಿ ಕೊಟ್ಟದ್ದನ್ನು ಕೈಯಾರೆ ಕಳೆದುಕೊಳ್ಳುತ್ತೀರಿ ಎಂದು ನೆಂಟರು ಹೆದರಿಸುತ್ತಿದ್ದಾರೆ. ಯಾರ ಮಾತು ಕೇಳಲಿ?
– ಗೃಹಿಣಿ, ದಾವಣಗೆರೆ

ಉತ್ತರ: ಹೃದ್ರೋಗ ತಜ್ಞರ ಮಾತು ಕೇಳಿ, ಆಂಜಿಯೋಗ್ರಾಂ ಮುಂದೂಡಬೇಡಿ. ಮೆಟ್ಟಿಲು ಹತ್ತುವಾಗ ಎದೆ ಹಿಡಿದು ಕುಳಿತಾಗ ಸಡಿಲವಾಗುವುದು ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಕಿರಿದಾಗಿರುವುದರ ಲಕ್ಷಣ. ಸುಮ್ಮನೆ ಕುಳಿತಿರುವಾಗಲೂ ಹಾಗಾಗತೊಡಗಿದರೆ, ಅಥವಾ ಅದರ ಜೊತೆ ಬೆವರು, ವಾಂತಿ, ದವಡೆಗೋ ಎಡಗೈಗೋ ಹರಿಯುವ ನೋವು ಕಾಣಿಸಿಕೊಂಡರೆ ಗೊತ್ತುಮಾಡಿದ ತಾರೀಖಿಗೆ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಸಕ್ಕರೆ ಕಾಯಿಲೆಯೂ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಏದುಸಿರು, ಸುಸ್ತು, ತಣ್ಣನೆಯ ಬೆವರಿನ ರೂಪದಲ್ಲಿ ಹೃದಯಾಘಾತ ಆಗುವುದುಂಟು ಎಂಬುದನ್ನು ಮನೆಯವರೆಲ್ಲ ತಿಳಿದಿರಬೇಕು.

ಕಿಡ್ನಿ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಿರುವಾಗ ಹೃದಯಕ್ಕೆ ಏನಾಯಿತು ಎಂಬ ಗೊಂದಲ ನಿಮ್ಮೊಬ್ಬರದೇ ಅಲ್ಲ. ಕಸಿಯಾದವರ ಮನೆಗಳಲ್ಲಿ ಲ್ಯಾಬ್ ವರದಿ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಕ್ರಿಯಾಟಿನಿನ್ ಸಾಲಿನ ಮೇಲೆ. ಅದೊಂದು ಸರಿಯಿದ್ದರೆ ಉಳಿದ ಹಾಳೆಯನ್ನು ಮಡಚಿಟ್ಟುಬಿಡುತ್ತಾರೆ. ಆದರೆ ಕಸಿ ಕಿಡ್ನಿ ಕೆಲಸ ಮಾಡುತ್ತಿರುವಾಗಲೇ ಪ್ರಾಣ ಕಳೆದುಕೊಳ್ಳುವವರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ ಮುಖ್ಯ ಕಾರಣಗಳಲ್ಲೊಂದು. ಸೋಂಕು ಮತ್ತು ಕ್ಯಾನ್ಸರ್ ಉಳಿದೆರಡು. ಇದು ಪ್ರಪಂಚದ ಎಲ್ಲ ಕಡೆಯ ಅನುಭವ. ಡಯಾಲಿಸಿಸ್‌ನಲ್ಲೇ ಉಳಿದವರಿಗೆ ಹೋಲಿಸಿದರೆ ಕಸಿಯಾದವರ ಹೃದಯಕ್ಕೆ ಅಪಾಯ ಬಹಳ ಕಡಿಮೆ ಎಂಬುದು ನಿಜ. ಹಾಗೆಂದು ಅದು ಅದೇ ವಯಸ್ಸಿನ ಆರೋಗ್ಯವಂತರ ಮಟ್ಟಕ್ಕೆ ಇಳಿಯುವುದಿಲ್ಲ.

ಕಾರಣಗಳು ಕಸಿಗೂ ಮುಂಚೆಯೇ ಶುರುವಾಗಿರುತ್ತವೆ. ಕಿಡ್ನಿ ಸೋಲುತ್ತಿದ್ದ ವರ್ಷಗಳಲ್ಲಿ ಏರಿದ ಬಿ.ಪಿ. ಮತ್ತು ದೇಹದಲ್ಲಿ ನಿಂತ ನೀರಿನ ಭಾರದಿಂದ ಹೃದಯದ ಎಡ ಕೋಣೆಯ ಗೋಡೆ ದಪ್ಪವಾಗುತ್ತದೆ. ರಕ್ತದಲ್ಲಿ ರಂಜಕ ಹೆಚ್ಚಿ ರಕ್ತನಾಳಗಳ ಗೋಡೆಯಲ್ಲಿ ಸುಣ್ಣದ ಅಂಶ ಕೂರುತ್ತದೆ. ರಕ್ತಹೀನತೆ ಹೃದಯವನ್ನು ಇನ್ನಷ್ಟು ದುಡಿಸುತ್ತದೆ. ಹೊಸ ಕಿಡ್ನಿ ಬಂದ ಮೇಲೆ ಗೋಡೆಯ ದಪ್ಪ ಹಲವರಲ್ಲಿ ಇಳಿಯುತ್ತದೆ, ರಕ್ತಹೀನತೆ ಸರಿಹೋಗುತ್ತದೆ, ಆದರೆ ನಾಳಗಳಲ್ಲಿ ಕೂತ ಸುಣ್ಣ ಕರಗುವುದಿಲ್ಲ. ಇದರ ಮೇಲೆ, ದೇಹ ತಿರಸ್ಕರಿಸದಂತೆ ಕಸಿ ಕಿಡ್ನಿಯನ್ನು ಉಳಿಸುವ ಔಷಧಿಗಳದೇ ಒಂದು ಪಾಲಿದೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೂಕ, ಸಕ್ಕರೆ, ಕೊಬ್ಬು ಮೂರನ್ನೂ ಏರಿಸುತ್ತದೆ, ಟ್ಯಾಕ್ರೋಲಿಮಸ್ ಬಿ.ಪಿ.ಯನ್ನೂ ಸಕ್ಕರೆಯನ್ನೂ ಏರಿಸುತ್ತದೆ, ಸೈಕ್ಲೋಸ್ಪೋರಿನ್ ಬಿ.ಪಿ. ಮತ್ತು ಕೊಲೆಸ್ಟ್ರಾಲ್ ಏರಿಸುತ್ತದೆ. ಪಥ್ಯದ ಕಟ್ಟು ಸಡಿಲವಾಗಿ ಬಾಯಿಗೆ ರುಚಿ ಮರಳುವುದೂ ಇದೇ ಹೊತ್ತಿನಲ್ಲಿ. ನಿಮ್ಮ ಯಜಮಾನರ ಹೃದಯದ ತೊಂದರೆ ಈ ಎರಡು ತಿಂಗಳಲ್ಲಿ ಹುಟ್ಟಿದ್ದಲ್ಲ, ಹಲವು ವರ್ಷಗಳಿಂದ ಬೆಳೆದು ಈಗ ಗೋಚರಿಸಿದೆ.

ಇನ್ನು ಡೈ ವಿಚಾರ. ನೆಂಟರ ಭಯಕ್ಕೆ ಆಧಾರವಿಲ್ಲವೆಂದು ಹೇಳಲಾರೆ. ಆಂಜಿಯೋಗ್ರಾಂಗೆ ಬಳಸುವ ಅಯೋಡಿನ್ ಇರುವ ದ್ರವ ಕೆಲವರಲ್ಲಿ ಕಿಡ್ನಿಯ ಕೆಲಸವನ್ನು ಕುಗ್ಗಿಸಬಲ್ಲದು. ಆದರೆ ಆ ಅಪಾಯ ಹೆಚ್ಚಾಗಿರುವುದು ಕಿಡ್ನಿ ಆಗಲೇ ದುರ್ಬಲವಾಗಿರುವವರಲ್ಲಿ, ಮೈಯಲ್ಲಿ ನೀರಿನಂಶ ಕಡಿಮೆ ಇರುವವರಲ್ಲಿ, ಡೈ ಪ್ರಮಾಣ ಹೆಚ್ಚಾದಾಗ. ಕ್ರಿಯಾಟಿನಿನ್ 1.2 ಇರುವವರಲ್ಲಿ ಅದು ಕಡಿಮೆ. ಏರಿದರೂ ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಎದುರಿಗಿರುವ ಇನ್ನೊಂದು ಅಪಾಯ ಹೃದಯಾಘಾತದ್ದು, ಮತ್ತು ಹೃದಯ ಸೋತರೆ ರಕ್ತ ಸಾಲದೆ ಕಿಡ್ನಿಯೂ ಸೋಲುತ್ತದೆ. ಡೈಗೆ ಹೆದರಿ ಕಸಿಯಾದವರಿಗೆ ಹೃದಯದ ಚಿಕಿತ್ಸೆಯನ್ನೇ ತಪ್ಪಿಸುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮಾಡಿಸುವ ಮುನ್ನ ಹೃದ್ರೋಗ ತಜ್ಞರಿಗೂ ನಿಮ್ಮ ಕಿಡ್ನಿ ವೈದ್ಯರಿಗೂ ಒಮ್ಮೆ ಫೋನಿನಲ್ಲಾದರೂ ಮಾತುಕತೆ ಆಗುವಂತೆ ನೋಡಿಕೊಳ್ಳಿ, ಇದನ್ನು ಕೇಳಲು ಸಂಕೋಚ ಬೇಡ. ಮೊದಲು ಮತ್ತು ನಂತರ ರಕ್ತನಾಳದ ಮೂಲಕ ಸಲೈನ್ ಕೊಡುವುದು, ಡೈಯನ್ನು ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಬಳಸುವುದು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಬೇಕೇ ಎಂದು ನಿರ್ಧರಿಸುವುದು, 48ರಿಂದ 72 ಗಂಟೆಯೊಳಗೆ ಕ್ರಿಯಾಟಿನಿನ್ ಮತ್ತೆ ನೋಡುವುದು, ಇವೆಲ್ಲ ಅವರ ಕೆಲಸ. ನೀವು ನೆನಪಿಟ್ಟು ಹೇಳಬೇಕಾದದ್ದು ಎರಡಿದೆ. ಕಸಿ ಕಿಡ್ನಿಯನ್ನು ಕೂರಿಸಿರುವುದು ಕೆಳಹೊಟ್ಟೆಯ ಒಂದು ಬದಿಯಲ್ಲಿ, ಅದಕ್ಕೆ ರಕ್ತ ಬರುವುದು ಸಾಮಾನ್ಯವಾಗಿ ಅದೇ ಬದಿಯ ತೊಡೆಗೆ ಇಳಿಯುವ ದೊಡ್ಡ ನಾಳದಿಂದ. ಆದ್ದರಿಂದ ತೊಡೆಸಂದಿನಿಂದ ಹೋಗುವುದಾದರೆ ಇನ್ನೊಂದು ಬದಿಯಿಂದ ಹೋಗುವುದು ಲೇಸು. ಮಣಿಕಟ್ಟಿನಿಂದ ಹೋಗುವುದಾದರೆ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿದ ಜಾಗ, ಇರುವ ಕೈ ಬೇಡ. ಶಸ್ತ್ರಚಿಕಿತ್ಸೆಯ ಗಾಯದ ಗುರುತು ಯಾವ ಬದಿ, ಫಿಸ್ಟುಲಾ ಯಾವ ಕೈ ಎಂಬುದನ್ನು ಫೈಲಿನ ಮೊದಲ ಹಾಳೆಯಲ್ಲೇ ಬರೆದಿಟ್ಟುಕೊಳ್ಳಿ.

ಬ್ಲಾಕ್ ಕಂಡು ಸ್ಟೆಂಟ್ ಅಥವಾ ಬೈಪಾಸ್ ಬೇಕಾದರೂ ಕಸಿಯಾದವರಿಗೆ ಅವೆರಡನ್ನೂ ಮಾಡುತ್ತಾರೆ. ಕಿಡ್ನಿಯ ಮಾತ್ರೆಗಳನ್ನು ಮಾತ್ರ ಯಾವ ದಿನವೂ ತಪ್ಪಿಸಬಾರದು. ಬಾಯಿಂದ ನುಂಗಲಾಗದ ಸ್ಥಿತಿ ಬಂದರೆ ಬೇರೆ ದಾರಿಯಿಂದ ಕೊಡುವ ವ್ಯವಸ್ಥೆಯನ್ನು ಕಿಡ್ನಿ ವೈದ್ಯರು ಹೇಳುತ್ತಾರೆ. ಹೃದಯಕ್ಕೆಂದು ಬರೆದ ಹೊಸ ಮಾತ್ರೆಗಳ ಚೀಟಿಯನ್ನು ಅದೇ ದಿನ ಅವರಿಗೆ ಕಳುಹಿಸಿ. ಡಿಲ್ಟಿಯಾಜೆಮ್, ವೆರಾಪಮಿಲ್ ಎಂಬ ಬಿ.ಪಿ. ಮತ್ತು ಹೃದಯದ ಮಾತ್ರೆಗಳು ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ಅವನ್ನು ಥಟ್ಟನೆ ನಿಲ್ಲಿಸಿದರೆ ಮಟ್ಟ ಇಳಿದು ದೇಹ ಕಿಡ್ನಿಯನ್ನು ತಿರಸ್ಕರಿಸುವ ಅಪಾಯವಿದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕಸಿಯಾದವರಿಗೆ ಉಪಯುಕ್ತ. ಸುಮಾರು 2,100 ಕಸಿ ರೋಗಿಗಳ ಮೇಲೆ ಫ್ಲುವಾಸ್ಟ್ಯಾಟಿನ್ ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖ್ಯ ಗುರಿಯಾಗಿದ್ದ ಒಟ್ಟು ಲೆಕ್ಕದಲ್ಲಿ ಖಚಿತ ವ್ಯತ್ಯಾಸ ಕಾಣದಿದ್ದರೂ, ಹೃದಯದಿಂದಾದ ಸಾವು ಮತ್ತು ಹೃದಯಾಘಾತಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಆದರೆ ಸೈಕ್ಲೋಸ್ಪೋರಿನ್ ಸೇವಿಸುವವರಿಗೆ ಸಿಮ್ವಾಸ್ಟ್ಯಾಟಿನ್ ಕೊಡುವಂತಿಲ್ಲ, ಸ್ನಾಯುಗಳು ಹಾಳಾಗುತ್ತವೆ.

ಇನ್ನೊಂದು ವಿಚಾರ. ಬಿ.ಪಿ. ಎಷ್ಟು ಮಾತ್ರೆ ಕೊಟ್ಟರೂ ಇಳಿಯದೆ, ರಾತ್ರಿ ಹೊತ್ತು ಇದ್ದಕ್ಕಿದ್ದಂತೆ ಉಸಿರುಕಟ್ಟಿ ಎದ್ದು ಕೂರುವಂತಾದರೆ, ಅಥವಾ ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಬಿ.ಪಿ. ಮಾತ್ರೆ ಶುರುಮಾಡಿದ ಮೇಲೆ ಕ್ರಿಯಾಟಿನಿನ್ ಜಿಗಿದರೆ, ಕಸಿ ಕಿಡ್ನಿಗೆ ರಕ್ತ ತರುವ ನಾಳವೇ ಕಿರಿದಾಗಿರಬಹುದು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಅದರ ಸುಳಿವು ಸಿಗುತ್ತದೆ. ಬಲೂನು, ಸ್ಟೆಂಟ್ ಹಾಕಿ ಸರಿಪಡಿಸಲೂ ಬರುತ್ತದೆ. ಹೃದಯದ ಪರೀಕ್ಷೆಯ ಜೊತೆಗೆ ಇದನ್ನೂ ವಿಚಾರಿಸಿ.

ಪ್ರಶ್ನೆ: ನನ್ನ ತಂದೆಗೆ 59 ವರ್ಷ, ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತಿದೆ. ನನ್ನ ತಾಯಿ ಕಿಡ್ನಿ ಕೊಡಲು ಸಿದ್ಧರಿದ್ದಾರೆ. ಎಕೋ ಎಂಬ ಹೃದಯದ ಸ್ಕ್ಯಾನ್‌ನಲ್ಲಿ ಪಂಪಿಂಗ್ 35 ಪರ್ಸೆಂಟ್ ಎಂದು ಬಂದಿದೆ. ಒಂದು ಕಡೆ ಹೃದಯ ಇಷ್ಟು ವೀಕ್ ಇದ್ದರೆ ಕಸಿ ಆಗುವುದೇ ಇಲ್ಲ ಎಂದರು. ಇನ್ನೊಂದು ಕಡೆ ಮೊದಲು ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕಿಸಿಕೊಂಡು ಬನ್ನಿ ಎಂದರು. ತಂದೆಗೆ ಎದೆನೋವು ಇಲ್ಲವೇ ಇಲ್ಲ.
– ಚಳ್ಳಕೆರೆ

ಉತ್ತರ: ಪಂಪಿಂಗ್ ಪ್ರಮಾಣ ಆರೋಗ್ಯವಂತರಲ್ಲಿ 55ರ ಮೇಲಿರುತ್ತದೆ, 35 ಎಂದರೆ ಹೃದಯ ನಿಜವಾಗಿಯೂ ದಣಿದಿದೆ. ಆದರೆ ಅದೊಂದೇ ಸಂಖ್ಯೆಯ ಮೇಲೆ ಕಸಿಯ ಬಾಗಿಲು ಮುಚ್ಚಬಾರದು. ಡಯಾಲಿಸಿಸ್‌ನಲ್ಲಿರುವವರ ಹೃದಯ ದುರ್ಬಲವಾಗುವುದಕ್ಕೆ ಒಳಗೆ ನಿಂತ ನೀರು, ಹತೋಟಿಗೆ ಬಾರದ ಬಿ.ಪಿ., ರಕ್ತಹೀನತೆ ಮತ್ತು ರಕ್ತದಲ್ಲಿ ಉಳಿದ ಕಲ್ಮಶಗಳೂ ಕಾರಣವಾಗಿರುತ್ತವೆ. ಅಂಥವರಲ್ಲಿ ಕಸಿಯಾದ ಮೇಲೆ ಪಂಪಿಂಗ್ ಗಣನೀಯವಾಗಿ ಸುಧಾರಿಸಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಮೊದಲು ನಿಮ್ಮ ತಂದೆಯವರ ಒಣ ತೂಕ, ಅಂದರೆ ಹೆಚ್ಚುವರಿ ನೀರೆಲ್ಲ ತೆಗೆದ ಮೇಲೆ ಉಳಿಯಬೇಕಾದ ತೂಕ, ಸರಿಯಾಗಿ ಗೊತ್ತುಮಾಡಿಸಿ. ಮೊಳಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ತೆಗೆದಾಗ ಗುಳಿ ಉಳಿಯುತ್ತಿದ್ದರೆ ನೀರು ಇನ್ನೂ ಇದೆ ಎಂದೇ ತಿಳಿಯಿರಿ. ಎರಡು ಡಯಾಲಿಸಿಸ್ ಸಾಲದೆ ಮೂರು ಬೇಕಾಗಬಹುದು. ನಿಮ್ಮ ಡಯಾಲಿಸಿಸ್ ಕೇಂದ್ರದ ವೈದ್ಯರನ್ನು ಕೇಳಿ. ಹೀಗೆ ಕೆಲವು ತಿಂಗಳು ನೀರನ್ನು, ಬಿ.ಪಿ.ಯನ್ನು ಹದಕ್ಕೆ ತಂದು ಎಕೋ ಮತ್ತೆ ಮಾಡಿಸಿದರೆ ಚಿತ್ರ ಬದಲಾಗಿರಬಹುದು.

ಎದೆನೋವಿಲ್ಲ ಎಂಬುದರಿಂದ ಬ್ಲಾಕ್ ಇಲ್ಲವೆಂದು ಹೇಳಲು ಬರುವುದಿಲ್ಲ, ದೀರ್ಘಕಾಲದ ಸಕ್ಕರೆ ಕಾಯಿಲೆ ನೋವಿನ ಅರಿವನ್ನೇ ಮಂಕಾಗಿಸುತ್ತದೆ. ಪಂಪಿಂಗ್ ಇಷ್ಟು ಇಳಿದಿರುವಾಗ ರಕ್ತನಾಳಗಳನ್ನು ನೋಡುವುದು ಅಗತ್ಯ. ಆದರೆ ನೋಡುವುದು ಬೇರೆ, ಕಂಡದ್ದಕ್ಕೆಲ್ಲ ಸ್ಟೆಂಟ್ ಹಾಕುವುದು ಬೇರೆ. ಕಿಡ್ನಿ ಬಹಳ ಸೋತಿದ್ದು ಹೃದಯದ ತೊಂದರೆ ಸ್ಥಿರವಾಗಿರುವವರಲ್ಲಿ, ಔಷಧಿಯ ಜೊತೆಗೆ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೆ ಸಾವು, ಹೃದಯಾಘಾತ ಕಡಿಮೆಯಾಗುತ್ತವೆಯೇ ಎಂದು 777 ರೋಗಿಗಳಲ್ಲಿ ಪರೀಕ್ಷಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬರೀ ಔಷಧಿ ಪಡೆದವರಿಗಿಂತ ಅವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಒಂದು ಎಚ್ಚರಿಕೆ ಹೇಳಬೇಕು: ಆ ಅಧ್ಯಯನದಲ್ಲಿ ಪಂಪಿಂಗ್ 35ಕ್ಕಿಂತ ಕಡಿಮೆ ಇದ್ದವರನ್ನು ಸೇರಿಸಿರಲಿಲ್ಲ, ನಿಮ್ಮ ತಂದೆ ಆ ಗಡಿಯಲ್ಲೇ ಇದ್ದಾರೆ. ಎಡಭಾಗದ ಮುಖ್ಯ ನಾಳದಲ್ಲೇ ಬ್ಲಾಕ್ ಇದ್ದರೆ ಲೆಕ್ಕ ಬೇರೆ. ಸ್ಟೆಂಟ್ ಹಾಕಿದರೆ ರಕ್ತ ತೆಳುಮಾಡುವ ಎರಡು ಮಾತ್ರೆಗಳನ್ನು ತಿಂಗಳುಗಟ್ಟಲೆ ನಿಲ್ಲಿಸುವಂತಿಲ್ಲ, ಆ ಅವಧಿಯಲ್ಲಿ ಕಸಿ ಮುಂದಕ್ಕೆ ಹೋಗುತ್ತದೆ ಎಂಬುದನ್ನೂ ಗಮನಿಸಿ. ಆದ್ದರಿಂದ ಕಸಿ ಮಾಡುವ ಆಸ್ಪತ್ರೆಯ ತಂಡವೂ ಹೃದ್ರೋಗ ತಜ್ಞರೂ ಕೂಡಿ ನಿರ್ಧರಿಸಲಿ; ಎರಡು ಕಡೆ ಎರಡು ಮಾತು ಕೇಳಿ ನೀವು ನಡುವೆ ಒದ್ದಾಡಬಾರದು. ಡಯಾಲಿಸಿಸ್ ಇದ್ದರೂ ಅವರಿಗೆ ಇನ್ನೂ ಮೂತ್ರ ಬರುತ್ತಿದ್ದರೆ ಅದನ್ನು ಆಂಜಿಯೋಗ್ರಾಂಗೆ ಮುಂಚೆ ತಿಳಿಸಿ, ಉಳಿದಿರುವ ಆ ಶಕ್ತಿಯನ್ನೂ ಕಾಪಾಡಬೇಕು.

ಪ್ರಶ್ನೆ: ನನಗೆ 31 ವರ್ಷ, ಕಸಿಯಾಗಿ ಎರಡು ವರ್ಷ. ಕಳೆದ ತಿಂಗಳು ಜ್ವರ, ಕೆಮ್ಮು ಬಂದಾಗ ಮೆಡಿಕಲ್ ಶಾಪಿನವರೇ ಆಂಟಿಬಯಾಟಿಕ್ ಮತ್ತು ನೋವಿನ ಮಾತ್ರೆ ಕೊಟ್ಟರು. ಮೂರು ದಿನದಲ್ಲಿ ಕೈ ನಡುಗಲು ಶುರುವಾಯಿತು, ಬರೆಯಲೂ ಆಗಲಿಲ್ಲ. ಕ್ರಿಯಾಟಿನಿನ್ 1.1 ಇದ್ದದ್ದು 1.9 ಆಯಿತು. ಬೆಂಗಳೂರಿಗೆ ಹೋದ ಮೇಲೆ ಇಳಿಯಿತು. ಸಣ್ಣ ಜ್ವರಕ್ಕೂ ಅಷ್ಟು ದೂರ ಹೋಗಬೇಕೇ? ಅಂಗಡಿ ಕೆಲಸದಲ್ಲಿ ಒಮ್ಮೊಮ್ಮೆ ರಾತ್ರಿಯ ಮಾತ್ರೆ ತಡವಾಗುತ್ತದೆ, ಅದರಿಂದ ತೊಂದರೆ ಇದೆಯೇ?
– ಹರಿಹರ

ಉತ್ತರ: ಮಾತ್ರೆಯ ಹೆಸರು ನೀವು ಬರೆದಿಲ್ಲ. ಆದರೆ ಕೈ ನಡುಕವೂ ಕ್ರಿಯಾಟಿನಿನ್ ಏರಿಕೆಯೂ ಒಟ್ಟಿಗೆ ಬಂದಿರುವುದನ್ನು ನೋಡಿದರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಿತಿಮೀರಿರುವ ಸಾಧ್ಯತೆ ಬಹಳ ಹೆಚ್ಚು. ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್‌ಗಳು, ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೋನಜೋಲ್, ಕೀಟೋಕೋನಜೋಲ್ ಇವೆಲ್ಲ ಯಕೃತ್ತಿನಲ್ಲಿ ಟ್ಯಾಕ್ರೋಲಿಮಸ್ ಕರಗುವುದನ್ನು ತಡೆಯುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಅದಕ್ಕೆ ತದ್ವಿರುದ್ಧವಾಗಿ ಮಟ್ಟವನ್ನು ಇಳಿಸಿಬಿಡುತ್ತವೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಕಿಡ್ನಿಗೆ ನೇರವಾಗಿ ಪೆಟ್ಟು ಕೊಡುತ್ತವೆ, ಬಿ.ಪಿ. ಏರಿಸಿ ಹೃದಯಕ್ಕೂ ಹೊರೆಯಾಗುತ್ತವೆ. ಕಸಿಯಾದವರು ಇವನ್ನು ಮುಟ್ಟಬಾರದು, ನೋವಿಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಚಕ್ಕೋತ ಹಣ್ಣು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತದೆ, ಧಾರೆಹುಳಿ ಕಿಡ್ನಿಗೆ ವಿಷ, ಎರಡೂ ಬೇಡ. ಏನೇನು ಸೇರಿದೆಯೆಂದು ತಿಳಿಯದ ನಾಟಿ ಔಷಧಿ, ಕಷಾಯ, ಭಸ್ಮಗಳೂ ಬೇಡ.

ಜ್ವರದ ಬಗ್ಗೆ ನಿಮಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಕಸಿಯಾದವರಿಗೆ ಸಣ್ಣ ಜ್ವರ ಎಂಬುದೇ ಇಲ್ಲ. ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿರುವುದರಿಂದ, ಒಳಗೆ ದೊಡ್ಡ ಸೋಂಕಿದ್ದರೂ ಹೊರಗೆ ಜ್ವರ ಅಲ್ಪವಾಗಿಯೇ ಕಾಣಬಹುದು. ಮೂತ್ರದ ಸೋಂಕು, ನ್ಯುಮೋನಿಯಾ, ಕ್ಷಯ, ಸೈಟೊಮೆಗಾಲೊ ವೈರಸ್, ಕಸಿ ಕಿಡ್ನಿಯನ್ನೇ ಹಿಡಿಯುವ ಬಿಕೆ ವೈರಸ್, ಶಿಲೀಂಧ್ರ ಸೋಂಕು, ಹೀಗೆ ನೋಡಬೇಕಾದದ್ದು ಬಹಳ. ಮೈಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಅದಕ್ಕಾಗಿ ಬೆಂಗಳೂರಿಗೇ ಓಡಬೇಕಾಗಿಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ರಕ್ತ, ಮೂತ್ರ, ಎದೆಯ ಎಕ್ಸ್‌ರೇ ಇಲ್ಲೇ ಆಗುತ್ತವೆ. ಬೆಂಗಳೂರಿನ ನಿಮ್ಮ ವೈದ್ಯರಿಗೆ ಫೋನ್ ಮಾಡಿ ವರದಿ ಕಳುಹಿಸಿ, ಇಲ್ಲಿಯವರು ಬರೆಯುವ ಔಷಧಿಯನ್ನು ಅವರಿಗೆ ತಿಳಿಸಿಯೇ ಶುರುಮಾಡಿ. ವಾಂತಿ ಭೇದಿಯಾದರೂ ಹೀಗೆಯೇ ಮಾಡಬೇಕು: ಭೇದಿಯಲ್ಲಿ ಮೈ ಒಣಗುವುದಲ್ಲದೆ ಟ್ಯಾಕ್ರೋಲಿಮಸ್ ಮಟ್ಟವೂ ಏರುತ್ತದೆ, ನಮ್ಮ ಬೇಸಿಗೆಯಲ್ಲಿ ಇವೆರಡೂ ಸೇರಿದರೆ ಕಿಡ್ನಿ ಬೇಗ ಬಳಲುತ್ತದೆ.

ಮಾತ್ರೆಯ ಹೊತ್ತು ತಪ್ಪುವುದರಿಂದ ಖಂಡಿತ ತೊಂದರೆ ಇದೆ. ಟ್ಯಾಕ್ರೋಲಿಮಸ್‌ಗೆ ಸಾಕಾಗುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವಿನ ಅಂತರ ಕಿರಿದು. ದಿನಕ್ಕೆರಡು ಸಲದ ಮಾತ್ರೆಯಾದರೆ ನಡುವೆ 12 ಗಂಟೆಯ ಅಂತರವಿರಬೇಕು, ಬೆಳಿಗ್ಗೆ ಎಂಟಕ್ಕಾದರೆ ರಾತ್ರಿಯೂ ಎಂಟಕ್ಕೇ. ರಾತ್ರಿಯದನ್ನು ಅಂಗಡಿಗೇ ಒಯ್ಯಿರಿ, ಫೋನಿನಲ್ಲಿ ಅಲಾರಾಂ ಇಡಿ. ಮರೆತದ್ದು ಕೆಲವೇ ಗಂಟೆಯಲ್ಲಿ ನೆನಪಾದರೆ ಆಗಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಎರಡನ್ನೂ ಒಟ್ಟಿಗೆ ನುಂಗಬೇಡಿ, ವೈದ್ಯರಿಗೆ ತಿಳಿಸಿ. ಮಟ್ಟ ಪರೀಕ್ಷಿಸುವ ದಿನ ಬೆಳಗಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ರಕ್ತ ಕೊಟ್ಟ ಮೇಲೆ ನುಂಗಬೇಕು. ಮೊದಲೇ ನುಂಗಿ ಹೋದರೆ ವರದಿ ಸುಳ್ಳಾಗಿ ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಡೋಸ್ ಇಳಿಸಿದರೆ ಕಿಡ್ನಿ ತಿರಸ್ಕಾರಕ್ಕೆ ದಾರಿಯಾಗುತ್ತದೆ. ತಿರಸ್ಕಾರ ಹಲವು ಸಲ ನೋವು, ಜ್ವರ ಯಾವುದೂ ಇಲ್ಲದೆ ಸದ್ದಿಲ್ಲದೆ ನಡೆಯುತ್ತದೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, 52 ವರ್ಷ. ಕಸಿಯಾಗಿ ಒಂದೂವರೆ ವರ್ಷದಲ್ಲಿ ಒಂಬತ್ತು ಕೆ.ಜಿ. ಏರಿದ್ದೇನೆ, ಮೊದಲಿಲ್ಲದ ಶುಗರ್ ಬಂದಿದೆ. ಸ್ಟೀರಾಯ್ಡ್ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ, ನಿಲ್ಲಿಸಲೇ? ಬಿ.ಪಿ.ಗೆಂದು ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪು ಬಳಸುತ್ತಿದ್ದೇನೆ. ಭಾನುವಾರ ಗೆಳತಿಯರೊಂದಿಗೆ ಕೋಟೆ ಹತ್ತಬಹುದೇ?
– ಚಿತ್ರದುರ್ಗ

ಉತ್ತರ: ಆ ಉಪ್ಪನ್ನು ಇಂದೇ ನಿಲ್ಲಿಸಿ. ಅದರಲ್ಲಿ ಸೋಡಿಯಂ ತಗ್ಗಿಸಿ ಅದರ ಜಾಗದಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಟ್ಯಾಕ್ರೋಲಿಮಸ್ ತಾನೇ ಪೊಟ್ಯಾಸಿಯಂ ಏರಿಸುವ ಔಷಧಿ, ಬಿ.ಪಿ.ಯ ಕೆಲವು ಮಾತ್ರೆಗಳೂ ಏರಿಸುತ್ತವೆ. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತ ತಪ್ಪಿ ಮುನ್ಸೂಚನೆಯಿಲ್ಲದೆ ಪ್ರಾಣಕ್ಕೆ ಕುತ್ತಾಗಬಹುದು. ಈ ವಾರವೇ ರಕ್ತದಲ್ಲಿ ಅದನ್ನು ಪರೀಕ್ಷಿಸಿ. ಎಳನೀರನ್ನೂ ವರದಿ ಬಂದ ಮೇಲೆ ಕೇಳಿಯೇ ಕುಡಿಯಿರಿ. ಮಾಮೂಲಿ ಉಪ್ಪನ್ನೇ ಕಡಿಮೆ ಬಳಸಿ, ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ, ಅಂದರೆ 5 ಗ್ರಾಂ ದಾಟದಂತೆ. ನಮ್ಮ ಕಡೆ ಉಪ್ಪು ಒಳಗೆ ಹೋಗುವುದು ಸಾರಿನಿಂದಷ್ಟೇ ಅಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಸಂಜೆಯ ಮಂಡಕ್ಕಿ ಮಿರ್ಚಿ ಇವುಗಳಿಂದಲೇ ಹೆಚ್ಚು. ಬೆಣ್ಣೆದೋಸೆಯನ್ನು ಜನ್ಮಕ್ಕೇ ಬಿಡಿ ಎಂದು ನಾನು ಹೇಳುವುದಿಲ್ಲ, ತಿಂಗಳಿಗೊಮ್ಮೆ ಒಂದು ತಿಂದರೆ ಸಾಕು. ಜೋಳದ ರೊಟ್ಟಿ, ಪಲ್ಯ, ಬೇಳೆ ನಿಮ್ಮ ದಿನನಿತ್ಯದ ಊಟವಾಗಲಿ.

ಸ್ಟೀರಾಯ್ಡ್ ಅನ್ನು ನೀವಾಗಿ ನಿಲ್ಲಿಸಲೇಬೇಡಿ. ವರ್ಷಗಟ್ಟಲೆ ಸೇವಿಸಿದ್ದನ್ನು ಥಟ್ಟನೆ ಬಿಟ್ಟರೆ ದೇಹ ತಾನೇ ಆ ಹಾರ್ಮೋನನ್ನು ತಯಾರಿಸಲಾಗದೆ ಬಿ.ಪಿ. ಕುಸಿಯಬಹುದು, ಕಿಡ್ನಿ ತಿರಸ್ಕಾರವೂ ಆಗಬಹುದು. ಡೋಸ್ ಇಳಿಸಲು ಸಾಧ್ಯವೇ ಎಂಬುದನ್ನು ಕಸಿ ತಂಡವೇ ನಿರ್ಧರಿಸಬೇಕು. ಕಸಿಯ ನಂತರ ಹೊಸದಾಗಿ ಬರುವ ಸಕ್ಕರೆ ಕಾಯಿಲೆ ಸಾಮಾನ್ಯ ಸಕ್ಕರೆ ಕಾಯಿಲೆಯಷ್ಟೇ ಹೃದಯಕ್ಕೆ ಹಾನಿಕರವಾದ್ದರಿಂದ, ಇದು ಮಾತ್ರೆಯಿಂದ ಬಂದದ್ದಲ್ಲವೇ ಎಂದು ಅಸಡ್ಡೆ ಮಾಡದೆ ಚಿಕಿತ್ಸೆ ಪಡೆಯಿರಿ. ಬಿ.ಪಿ. 130/80ಕ್ಕಿಂತ ಕೆಳಗಿರಬೇಕು. ಮನೆಯಲ್ಲಿ ನೋಡುವಾಗ ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನನ್ನು ಕುರ್ಚಿಗೆ ಆನಿಸಿ, ಪಾದಗಳನ್ನು ನೆಲಕ್ಕೆ ಊರಿ, ಫಿಸ್ಟುಲಾ ಇಲ್ಲದ ತೋಳಿಗೆ ಪಟ್ಟಿ ಸುತ್ತಿ, ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೆ ಎರಡು ಸಲ ನೋಡಿ ಬರೆದಿಡಿ.

ನಡಿಗೆ ನಿಮಗೆ ಅಗತ್ಯ, ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಕೋಟೆಯ ಮೆಟ್ಟಿಲುಗಳು ಮಾತ್ರ ಕಡಿದು. ಒಂದು ಎಕೋ ಮತ್ತು ವೈದ್ಯರು ಹೇಳಿದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ಸರಿಯಿದ್ದರೆ ಬಿಸಿಲೇರುವ ಮುನ್ನ ನೀರು ಒಯ್ದು ನಿಧಾನವಾಗಿ ಹತ್ತಿ. ಉಸಿರು ಸಾಲದಾದರೆ ಗೆಳತಿಯರು ಮುಂದೆ ಹೋಗಲಿ, ನೀವು ಅಲ್ಲೇ ಕುಳಿತುಬಿಡಿ.

ಪ್ರಶ್ನೆ: ಕಸಿಯಾಗಿ ಮೂರು ವರ್ಷವಾದರೂ ಕೈಯಲ್ಲಿ ಫಿಸ್ಟುಲಾ ಜುಂ ಎನ್ನುತ್ತಲೇ ಇದೆ, ಮೊದಲಿಗಿಂತ ದಪ್ಪವಾಗಿದೆ. ಮುಚ್ಚಿಸಬೇಕೇ?
– ಹೊಸದುರ್ಗ

ಉತ್ತರ: ಎಲ್ಲರಿಗೂ ಬೇಕಾಗಿಲ್ಲ. ಮುಂದೆಂದಾದರೂ ಡಯಾಲಿಸಿಸ್ ಬೇಕಾದರೆ ಇರಲಿ ಎಂದು ಹೆಚ್ಚಿನವರು ಹಾಗೇ ಬಿಡುತ್ತಾರೆ. ಆದರೆ ಫಿಸ್ಟುಲಾದಲ್ಲಿ ರಕ್ತ ಅಡ್ಡದಾರಿಯಲ್ಲಿ ಹೃದಯಕ್ಕೆ ಮರಳುವುದರಿಂದ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಅದು ಬಹಳ ದೊಡ್ಡದಾದರೆ ಕೆಲವರಲ್ಲಿ ಹೃದಯ ಸೋಲುತ್ತದೆ. ಕಸಿಯಾಗಿ ಕಿಡ್ನಿ ಸ್ಥಿರವಾಗಿರುವವರಲ್ಲಿ ಫಿಸ್ಟುಲಾ ಮುಚ್ಚಿದಾಗ ದಪ್ಪವಾಗಿದ್ದ ಹೃದಯದ ಗೋಡೆಯ ತೂಕ ಇಳಿದದ್ದನ್ನು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ನಿಮ್ಮದು ದಪ್ಪವಾಗುತ್ತಿದೆ ಎಂದಿರುವುದರಿಂದ ಎಕೋ ಮಾಡಿಸಿ, ಫಿಸ್ಟುಲಾದ ರಕ್ತದ ಹರಿವನ್ನು ಡಾಪ್ಲರ್‌ನಲ್ಲಿ ಅಳೆಸಿ. ಅದರ ಮೇಲಿನ ಚರ್ಮ ತೆಳುವಾಗಿ ಹೊಳೆಯುತ್ತಿದ್ದರೆ ಅಥವಾ ರಕ್ತ ಒಸರಿದರೆ ಅಂದೇ ತೋರಿಸಿ. ಆ ಕೈಯಲ್ಲಿ ಭಾರ ಎತ್ತಬೇಡಿ, ಬಿ.ಪಿ. ನೋಡಿಸಬೇಡಿ, ರಕ್ತ ತೆಗೆಯಲು ಬಿಡಬೇಡಿ.

ಪ್ರಶ್ನೆ: ಹಳ್ಳಿಯಲ್ಲಿರುವ ನಮ್ಮಣ್ಣನಿಗೆ ಕಸಿಯಾಗಿದೆ. ರಾತ್ರಿ ಹೊತ್ತು ಎದೆನೋವು ಬಂದರೆ ಕಸಿ ಮಾಡಿದ ಬೆಂಗಳೂರಿನ ಆಸ್ಪತ್ರೆಗೇ ಹೋಗಬೇಕೇ?
– ಮೊಳಕಾಲ್ಮೂರು

ಉತ್ತರ: ಬೇಡ. 108ಕ್ಕೆ ಕರೆಮಾಡಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಬೇಕಾದವರಿಗೆ ಉಚಿತವಾಗಿ ಕೊಡುತ್ತಾರೆ. ಹೃದಯಾಘಾತದಲ್ಲಿ ಮೊದಲ ಗಂಟೆಗಳೇ ಮುಖ್ಯ, ಬೆಂಗಳೂರಿನ ದಾರಿಯಲ್ಲಿ ಅವು ಕಳೆದುಹೋಗಬಾರದು. ಹೋದ ಕೂಡಲೇ ಕಿಡ್ನಿ ಕಸಿಯಾಗಿದೆ ಎಂದು ಹೇಳಿ, ಮಾತ್ರೆಗಳ ಪಟ್ಟಿ ತೋರಿಸಿ, ಮಾತ್ರೆಗಳನ್ನೂ ಜೊತೆಗೇ ಒಯ್ಯಿರಿ. ಟ್ಯಾಕ್ರೋಲಿಮಸ್ ಎಲ್ಲ ಊರಿನ ಔಷಧಿ ಅಂಗಡಿಯಲ್ಲೂ ಸಿಗುವುದಿಲ್ಲ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ತಮ್ಮನಿಗೆ ಕಿಡ್ನಿ ಕೊಟ್ಟೆ. ನನಗೀಗ 39. ಅವನನ್ನು ತಪಾಸಣೆಗೆ ಕರೆದೊಯ್ಯುವುದು ನಾನೇ. ಮೊನ್ನೆ ಸುಮ್ಮನೆ ನನ್ನ ಬಿ.ಪಿ. ನೋಡಿದಾಗ 144/92 ಇತ್ತು. ಕೊಟ್ಟವರಿಗೂ ಹೃದಯದ ತೊಂದರೆ ಬರುತ್ತದೆಯೇ?
– ಜಗಳೂರು

ಉತ್ತರ: ಚೆನ್ನಾಗಿ ಪರೀಕ್ಷಿಸಿ ಆರಿಸಿದ ದಾನಿಗಳು ಹೆಚ್ಚಿನವರು ಆರೋಗ್ಯವಾಗಿಯೇ ಬದುಕುತ್ತಾರೆ, ಉಳಿದ ಒಂದು ಕಿಡ್ನಿ ತನ್ನ ಕೆಲಸ ಹೆಚ್ಚಿಸಿಕೊಂಡು ಮೊದಲಿದ್ದ ಒಟ್ಟು ಸಾಮರ್ಥ್ಯದ ಸುಮಾರು ಶೇ 70ರಷ್ಟನ್ನು ತುಂಬಿಕೊಡುತ್ತದೆ. ಆದರೆ ಒಂದೇ ಕಿಡ್ನಿ ಇರುವವರಿಗೆ ಹತೋಟಿಯಿಲ್ಲದ ಬಿ.ಪಿ. ಮಾಡುವ ಹಾನಿ ಹೆಚ್ಚು, ಕಿಡ್ನಿಗೂ ಹೃದಯಕ್ಕೂ. ನಮ್ಮಲ್ಲಿ ಕಿಡ್ನಿ ಕೊಡುವವರಲ್ಲಿ ಬಹುಪಾಲು ತಾಯಂದಿರು, ಹೆಂಡತಿಯರು, ಅಕ್ಕತಂಗಿಯರು; ಪಡೆದವರ ಫೈಲು ವರ್ಷವರ್ಷ ದಪ್ಪವಾಗುತ್ತದೆ, ಕೊಟ್ಟವರ ಹೆಸರಿನಲ್ಲಿ ಫೈಲೇ ಇರುವುದಿಲ್ಲ. ಇದು ನನ್ನನ್ನು ಬಹಳ ಕಾಡುವ ವಿಷಯ. ದಾನಿಗಳು ವರ್ಷಕ್ಕೊಮ್ಮೆ ಬಿ.ಪಿ., ಕ್ರಿಯಾಟಿನಿನ್, ಸಕ್ಕರೆ, ಮೂತ್ರದಲ್ಲಿ ಪ್ರೋಟೀನ್ ಇಷ್ಟನ್ನು ತಪ್ಪದೆ ಪರೀಕ್ಷಿಸಿಕೊಳ್ಳಬೇಕು, ಮೇಲೆ ಹೇಳಿದ ನೋವಿನ ಮಾತ್ರೆಗಳಿಂದ ದೂರವಿರಬೇಕು. ಮುಂದೆ ಗರ್ಭಿಣಿಯಾಗುವ ಯೋಚನೆ ಇದ್ದರೆ ಕಿಡ್ನಿ ಕೊಟ್ಟಿರುವುದನ್ನು ಮೊದಲ ಭೇಟಿಯಲ್ಲೇ ತಿಳಿಸಿ. ದಾನಿಗಳಲ್ಲಿ ಗರ್ಭಾವಸ್ಥೆಯ ಬಿ.ಪಿ. ಏರಿಕೆ ಉಳಿದವರಿಗಿಂತ ಹೆಚ್ಚು ಕಂಡುಬರುತ್ತದೆ.

ಒಮ್ಮೆ ಕಂಡ 144/92 ಎಂಬ ಅಂಕಿಯಿಂದ ಕಾಯಿಲೆ ಇದೆಯೆಂದು ನಿರ್ಧರಿಸಲು ಬಾರದು, ಕಡೆಗಣಿಸಲೂ ಬಾರದು. ಚಿತ್ರದುರ್ಗದ ಶಿಕ್ಷಕಿಯವರಿಗೆ ಬರೆದ ಕ್ರಮದಲ್ಲಿ ಒಂದು ವಾರ ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ. ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕಾಗುತ್ತದೆ. ಮುಂದಿನ ಸಲ ತಮ್ಮನನ್ನು ತಪಾಸಣೆಗೆ ಕರೆದೊಯ್ಯುವ ದಿನ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ, ನಿಮ್ಮ ರಕ್ತ, ಮೂತ್ರ ಎರಡನ್ನೂ ಪರೀಕ್ಷೆಗೆ ಕೊಡಿ.